ಕರಾವಳಿಯ ಮನೆಯಲ್ಲಿ ಮಾದರಿ ರೈಲುಮಾರ್ಗ: ಹಲಗೆಯಿಂದ ಬೆಸುಗೆಯವರೆಗೆ

ಮನೆಯೊಳಗೆ ಮಾದರಿ ರೈಲುಮಾರ್ಗ ಕಟ್ಟುವವರಿಗೆಂದು ಬಂದಿರುವ ಕೈಪಿಡಿಗಳಲ್ಲಿ ಹೆಚ್ಚಿನವು ಚಳಿದೇಶದ ಮನೆಗಳನ್ನು ಗಮನದಲ್ಲಿಟ್ಟು ಬರೆದಂಥವು. ಅಲ್ಲಿನ ಕೋಣೆಯ ಗಾಳಿ ಒಣಗಿರುತ್ತದೆ. ಉಪ್ಪು, ಬೂಸು, ಒರಲೆ ಇವುಗಳ ಚಿಂತೆ ಅಲ್ಲಿ ಹೆಚ್ಚಿಲ್ಲ. ಆ ಕೈಪಿಡಿಗಳನ್ನು ಅಕ್ಷರಶಃ ಅನುಸರಿಸಿ ಉಡುಪಿಯ ನಮ್ಮ ಮನೆಯಲ್ಲಿ ನಾನು ಕಟ್ಟಿದ ಮೊದಲ ಮಾರ್ಗ ಒಂದು ಮಳೆಗಾಲವನ್ನೂ ದಾಟಲಿಲ್ಲ. ಜುಲೈ ಹೊತ್ತಿಗೆ ಪಾರ್ಟಿಕಲ್ ಬೋರ್ಡ್ ಅಂಚಿನಿಂದ ಉಬ್ಬಿತು, ಉಕ್ಕಿನ ಹಳಿಗೆ ತುಕ್ಕು ಹಿಡಿಯಿತು, ಆಟಿ ತಿಂಗಳ ಜಡಿಮಳೆಯಲ್ಲಿ ಎಂಜಿನ್ ಪ್ರತಿ ಸುತ್ತಿನಲ್ಲೂ ಅದೇ ಮೂಲೆಗೆ ಬಂದು ನಿಲ್ಲತೊಡಗಿತು. ಎರಡನೆಯ ಮಾರ್ಗವನ್ನು ಬೇರೆಯೇ ಕ್ರಮದಲ್ಲಿ ಕಟ್ಟಿದೆ. ಒಣ ತಿಂಗಳುಗಳಲ್ಲೇ ಮರಗೆಲಸ ಮುಗಿಸುವುದು, ಹಳಿಯ ಪ್ರತಿಯೊಂದು ತುಂಡಿಗೂ ಅದರದೇ ತಂತಿ ಕೊಡುವುದು, ಪ್ರತಿಯೊಂದು ಬೆಸುಗೆಯೂ ಮುಂದೆ ಕೈಗೆ ಎಟಕುವಂತೆ ನೋಡಿಕೊಳ್ಳುವುದು ಎಂಬ ಮೂರು ನಿಯಮಗಳ ಮೇಲೆ ನಿಂತ ಆ ಮಾರ್ಗ ಇಂದಿಗೂ ಓಡುತ್ತಿದೆ. ಈ ಲೇಖನ ಅದೇ ಕ್ರಮವನ್ನು ಹಂತ ಹಂತವಾಗಿ ವಿವರಿಸುತ್ತದೆ.

ಅಳತೆ ಮತ್ತು ನಕ್ಷೆ

ಮೊದಲು ನಿರ್ಧರಿಸಬೇಕಾದದ್ದು ಪ್ರಮಾಣ. ಎಚ್‌ಓ ಪ್ರಮಾಣದಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಎನ್ ಪ್ರಮಾಣದಲ್ಲಿ 160ರಲ್ಲಿ ಒಂದು ಪಾಲು, ಅಂತರ 9 ಮಿ.ಮೀ. ನಮ್ಮ ಬ್ರಾಡ್‌ಗೇಜ್‌ನ ಅಗಲ 1,676 ಮಿ.ಮೀ. ಆಗಿರುವುದರಿಂದ, ಲೆಕ್ಕದ ಪ್ರಕಾರ ಎಚ್‌ಓದಲ್ಲಿ ಅದು 19 ಮಿ.ಮೀ.ಗಿಂತ ತುಸು ಹೆಚ್ಚಿರಬೇಕು. ಮಾರುಕಟ್ಟೆಯಲ್ಲಿ ಸಿಗುವ 16.5 ಮಿ.ಮೀ. ಹಳಿ ಹೊರದೇಶಗಳ 1,435 ಮಿ.ಮೀ. ಮಾರ್ಗಕ್ಕೆ ಹೊಂದುವಂಥದ್ದು. ಭಾರತದ ಬೋಗಿಗಳನ್ನು ಅದರ ಮೇಲೆ ಓಡಿಸುವವರು ಈ ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ, ಹೊಸಬರಿಗೂ ನನ್ನ ಸಲಹೆ ಅದೇ. ಬೇರೆ ಬೇರೆ ಕಂಪನಿಗಳ ಸಾಮಾನುಗಳನ್ನು ಬೆರೆಸಬಹುದಾದರೂ ಮಾರ್ಕ್ಲಿನ್ ಎಚ್‌ಓ ಹಳಿಯ ವಿಷಯದಲ್ಲಿ ಎಚ್ಚರ ಬೇಕು. ಅದರ ನಡುವೆ ಮೂರನೆಯ ವಿದ್ಯುತ್ ಸಂಪರ್ಕ ಇರುತ್ತದೆ. ಎರಡು ಹಳಿಯ ಪದ್ಧತಿಯ ಎಂಜಿನ್‌ಗಳು ಅದರ ಮೇಲೆ ಹಾಗೆಯೇ ಓಡುವುದಿಲ್ಲ.

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪೂರ್ತಿ ಪ್ಲೈವುಡ್ ಹಾಳೆಯಲ್ಲಿ ಎಚ್‌ಓ ಪ್ರಮಾಣದ ಎಷ್ಟು ರೈಲು ಹಿಡಿಯುತ್ತದೆ ಎಂಬುದನ್ನು ಹಾಳೆ ತರುವ ಮೊದಲೇ ಲೆಕ್ಕಹಾಕಬೇಕು. ಹಳೆಯ ಬಗೆಯ ಐಸಿಎಫ್ ಬೋಗಿಯ ನಿಜವಾದ ಉದ್ದ 21.3 ಮೀಟರ್, ಅಂದರೆ ಮಾದರಿಯಲ್ಲಿ ಸುಮಾರು 24.5 ಸೆಂ.ಮೀ.; ಹೊಸ ಬಗೆಯ ಎಲ್‌ಎಚ್‌ಬಿ ಬೋಗಿ ಸುಮಾರು 27 ಸೆಂ.ಮೀ. ಇಷ್ಟು ಉದ್ದದ ಬೋಗಿಗಳಿಗೆ ತಿರುವಿನ ತ್ರಿಜ್ಯ ಕನಿಷ್ಠ 22 ಇಂಚು, ಅಂದರೆ 56 ಸೆಂ.ಮೀ. ಇದ್ದರೆ ಒಳ್ಳೆಯದು. ಎರಡು ತುದಿಯ ತಿರುವುಗಳು 112 ಸೆಂ.ಮೀ. ನುಂಗುತ್ತವೆ, ಅಂಚಿಗೆ ಐದೈದು ಸೆಂಟಿಮೀಟರ್ ಬಿಡಬೇಕು. ಉಳಿಯುವ ನೇರ ಹಳಿ 122 ಸೆಂ.ಮೀ. ಮಾತ್ರ. ನಿಲ್ದಾಣದ ಎರಡು ಕಡೆ ಹಳಿ ಕವಲೊಡೆಯುವ ಪಾಯಿಂಟ್‌ಗಳನ್ನು ಕಳೆದರೆ ರೈಲು ನಿಲ್ಲಲು ಸಿಗುವ ಜಾಗ ಮುಕ್ಕಾಲು ಮೀಟರ್, ಅಂದರೆ ಒಂದು ಎಂಜಿನ್ ಮತ್ತು ಎರಡು ಬೋಗಿ. ಹತ್ತು ಬೋಗಿಯ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡವರು ಎನ್ ಪ್ರಮಾಣಕ್ಕೆ ಹೋಗಬೇಕು, ಇಲ್ಲವೇ ರೈಲನ್ನು ಬದಲಿಸಬೇಕು.

ರೈಲನ್ನು ಬದಲಿಸುವುದೇ ಜಾಣತನವೆಂದು ನಾನು ತಿಳಿದಿದ್ದೇನೆ, ಏಕೆಂದರೆ ನಮ್ಮ ಊರಿನ ಹಳಿಯಲ್ಲೇ ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆಯಿದೆ. ಸುರತ್ಕಲ್‌ನಿಂದ ಹೊರಡುವ ರೋರೋ ರೈಲಿನಲ್ಲಿ ಲಾರಿಗಳನ್ನು ಸಮತಟ್ಟು ವ್ಯಾಗನ್‌ಗಳ ಮೇಲೆ ಹತ್ತಿಸಿ ಸಾಗಿಸುತ್ತಾರೆ. ವ್ಯಾಗನ್ ಗಿಡ್ಡ, ತಿರುವಿನಲ್ಲಿ ಅದರ ಮೂಲೆ ಹೊರಚಾಚುವುದಿಲ್ಲ, 87ರಲ್ಲಿ ಒಂದು ಪಾಲಿನ ಆಟಿಕೆ ಲಾರಿಗಳು ಸುಲಭವಾಗಿ ಸಿಗುತ್ತವೆ, ಲಾರಿ ಹತ್ತಿಸುವ ಇಳಿಜಾರಿಗೆ ಒಂದು ಮೊಂಡು ಹಳಿ ಸಾಕು. ಪುಟ್ಟ ಮಾರ್ಗಕ್ಕೆ ಇದಕ್ಕಿಂತ ಚಂದದ ವಿಷಯ ನನಗೆ ಹೊಳೆದಿಲ್ಲ.

ಕಾಲವನ್ನೂ ಆಗಲೇ ಗೊತ್ತುಮಾಡಿಕೊಳ್ಳುವುದು ಲಾಭಕರ. ಮಂಗಳೂರು–ಉಡುಪಿ ನಡುವೆ ರೈಲು ಓಡಲಾರಂಭಿಸಿದ್ದು 1993ರಲ್ಲಿ, ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ, ವಿದ್ಯುದೀಕರಣ ಮುಗಿದದ್ದು 2022ರಲ್ಲಿ. ಈ ನಡುವಣ ಡೀಸೆಲ್ ಕಾಲವನ್ನು ಆರಿಸಿಕೊಂಡರೆ ಹಳಿಯ ಮೇಲೆ ಕಂಬ, ತಂತಿ ಎಳೆಯುವ ನಾಜೂಕಿನ ಕೆಲಸ ಪೂರ್ತಿ ತಪ್ಪುತ್ತದೆ.

ಏರು-ಇಳಿವನ್ನು ಮೊದಲ ಮಾರ್ಗದಲ್ಲಿ ಬೇಡವೆಂದೇ ಹೇಳುತ್ತೇನೆ. ಸುಬ್ರಹ್ಮಣ್ಯ ರೋಡ್–ಸಕಲೇಶಪುರ ಘಾಟಿಯ 50ಕ್ಕೆ 1ರ ಏರನ್ನೇ ಮಾದರಿಯಲ್ಲಿ ಹಿಡಿದರೂ, ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಬೇಕಾದ 7.5 ಸೆಂ.ಮೀ. ಎತ್ತರಕ್ಕೆ 375 ಸೆಂ.ಮೀ. ಉದ್ದದ ಏರುದಾರಿ ಬೇಕಾಗುತ್ತದೆ. ಅದು ನಮ್ಮ ಹಲಗೆಗಿಂತ ಉದ್ದ. ನೇತ್ರಾವತಿಯ ಸೇತುವೆಯಂಥದ್ದು ಬೇಕೆಂಬ ಆಸೆಯಿದ್ದರೆ ಹಳಿಯನ್ನು ಏರಿಸಬೇಡಿ, ನೆಲವನ್ನು ಇಳಿಸಿ: ಆ ಭಾಗದ ಹಲಗೆಯನ್ನು ಕತ್ತರಿಸಿ ತೆಗೆದು, ಕೆಳಗೆ ಹತ್ತು ಸೆಂಟಿಮೀಟರ್ ಆಳದಲ್ಲಿ ಇನ್ನೊಂದು ತುಂಡು ಕೂರಿಸಿದರೆ ಹೊಳೆ ತಾನಾಗಿ ಮೂಡುತ್ತದೆ.

ಮರಗೆಲಸ

ದೀಪಾವಳಿ ಕಳೆದು ಗಾಳಿ ಒಣಗತೊಡಗಿದ ಮೇಲೆ ಮರ ತನ್ನಿ. ಮೇ ಕೊನೆಯ ಭಾಗದ ಪತ್ತನಾಜೆಯ ಹೊತ್ತಿಗೆ ಹಲಗೆಯೂ ಬಣ್ಣವೂ ಮುಗಿದಿರಲಿ. ತಂದ ದಿನವೇ ಕತ್ತರಿಸದೆ, ಮಾರ್ಗ ನಿಲ್ಲಬೇಕಾದ ಕೋಣೆಯಲ್ಲೇ ಮರವನ್ನು ಎರಡು ಮೂರು ವಾರ ಇರಿಸಿ, ಆ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು. ಹಾಳೆಗೆ 12 ಮಿ.ಮೀ. ದಪ್ಪದ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡೇ ಆಗಬೇಕು. ಬೆಲೆ ಹೆಚ್ಚಾದರೂ ಉಳಿತಾಯ ಮಾಡಬೇಕಾದ ಜಾಗ ಇದಲ್ಲ. ಹಾಳೆಯನ್ನು ನಾಲ್ಕು ಅಡಿಯ ಎರಡು ಚೌಕಗಳಾಗಿ ಸೀಳಿಸಿ, ಎರಡಕ್ಕೂ ಕೆಳಗಿನಿಂದ ಹೆಬ್ಬಲಸಿನ ಅಥವಾ ಸಾಗುವಾನಿಯ ರೀಪಿನ ಚೌಕಟ್ಟು ಹೊಡೆಸಿ, ನಡುವೆ ಬೋಲ್ಟ್ ಹಾಕಿ ಜೋಡಿಸುವುದು ಒಳ್ಳೆಯದು. ಮನೆ ಬದಲಿಸುವಾಗ ಪೂರ್ತಿ ಎಂಟು ಅಡಿಯ ಹಲಗೆ ಮೆಟ್ಟಿಲಲ್ಲಿ ತಿರುಗುವುದಿಲ್ಲ. ಚೌಕಟ್ಟಿನ ಅಡ್ಡರೀಪುಗಳಲ್ಲಿ ತಂತಿ ಹಾಯಲು 20 ಮಿ.ಮೀ. ತೂತುಗಳನ್ನು ಆಚಾರಿಯವರಿಂದ ಆಗಲೇ ಕೊರೆಸಿಕೊಳ್ಳಿ.

ಮರದ ಮೇಲ್ಮುಖ, ಕೆಳಮುಖ, ಅಂಚು, ಕೊರೆದ ತೂತಿನ ಒಳಬದಿ ಎಲ್ಲಕ್ಕೂ ಎರಡು ಕೈ ಬಣ್ಣ ಅಥವಾ ವಾರ್ನಿಷ್ ಬೇಕು. ಮೇಲ್ಗಡೆಗೆ ಮಾತ್ರ ಬಳಿದರೆ ಕೆಳಗಿನಿಂದ ತೇವ ಹೀರಿ ಹಲಗೆ ಡೊಂಕಾಗುತ್ತದೆ. ಕಾಲುಗಳು ಕಬ್ಬಿಣದವಾದರೆ ಒರಲೆಯ ಭಯ ಕಡಿಮೆ. ಮರದ್ದಾದರೆ ಅಡಿಗೆ ರಬ್ಬರ್ ಬುಡ ಹಾಕಿ, ಗೋಡೆಗೆ ತಾಗದಂತೆ ಇಡಿ. ಒರಲೆ ಬಹುಪಾಲು ಗೋಡೆಯ ಗುಂಟವೇ ಬರುತ್ತದೆ. ಹಲಗೆಯ ಎತ್ತರ ಒಂದು ಮೀಟರಿಗೆ ಕಡಿಮೆಯಾದರೆ ಕೆಳಗೆ ಕುಳಿತು ಬೆಸುಗೆ ಹಾಕುವುದು ಕಷ್ಟ. ಮಳೆಗಾಳಿ ಹೊಡೆಯುವ ಪಡುವಣ ಕಿಟಕಿಯ ಬಳಿಯಾಗಲಿ, ಬೇಸಗೆಯಲ್ಲಿ ಕಾಯುವ ಹಂಚಿನ ಅಟ್ಟದಲ್ಲಾಗಲಿ ಮಾರ್ಗ ಬೇಡ. ಹಳೆಯ ಮನೆಗಳ ನಡುಚಾವಡಿ ಎಲ್ಲಕ್ಕಿಂತ ಯೋಗ್ಯ ಸ್ಥಳ.

ಹಳಿ ಹಾಸುವುದು

ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ, ಹಿತ್ತಾಳೆಯಂತೆ ಬೇಗ ಮಂಕಾಗುವುದೂ ಇಲ್ಲ. ಹಳೆಯ ಆಟಿಕೆ ಸೆಟ್ಟುಗಳಲ್ಲಿ ಬರುವ ಹಳಿ ಉಕ್ಕಿನದೋ ಎಂದು ತಿಳಿಯಲು ಆಯಸ್ಕಾಂತ ಹಿಡಿದರೆ ಸಾಕು, ಉಕ್ಕಿನದಾದರೆ ಅಂಟಿಕೊಳ್ಳುತ್ತದೆ.

ಹಲಗೆಯ ಮೇಲೆ ಪೂರ್ತಿ ನಕ್ಷೆಯನ್ನು ಪೆನ್ಸಿಲಿನಲ್ಲಿ ಗೀಚಿ, ಅದರ ಗುಂಟ 3 ಮಿ.ಮೀ. ಕಾರ್ಕ್ ಪಟ್ಟಿ ಅಂಟಿಸಿ, ಮೇಲೆ ಹಳಿಯನ್ನು ಸಣ್ಣ ಮೊಳೆಗಳಿಂದ ತಾತ್ಕಾಲಿಕವಾಗಿ ನಿಲ್ಲಿಸಿ. ಒಂದು ವಾರ ಕೈಯಿಂದ ಬೋಗಿ ತಳ್ಳಿ ನೋಡಿ, ಹಳಿ ತಪ್ಪುವ ಜಾಗಗಳನ್ನು ಸರಿಪಡಿಸಿದ ಮೇಲೆಯೇ ಬೆಸುಗೆಗೆ ಹೋಗಬೇಕು. ಎಲ್ಲ ಜೋಡಣೆಗಳನ್ನೂ ಬಿಗಿದುಬಿಡಬಾರದು. ಕರಾವಳಿಯ ಸೆಕೆಯಲ್ಲಿ ಲೋಹ ಹಿಗ್ಗುವುದು ಅಲ್ಪವೇ: ಮೂರು ಮೀಟರ್ ಹಳಿಗೆ 15 ಡಿಗ್ರಿ ವ್ಯತ್ಯಾಸದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಆದರೆ ಅದರ ಜೊತೆ ಮರವೂ ಅಲುಗುತ್ತದೆ. ಆದ್ದರಿಂದ ಪ್ರತಿ ಎರಡು ಮೂರು ತುಂಡಿಗೊಂದು ಕಡೆ ಅರ್ಧ ಮಿಲಿಮೀಟರ್ ಸಂದು ಬಿಟ್ಟು, ಆ ಜೋಡಣೆಯನ್ನು ಬೆಸೆಯದೆ ಸರಿದಾಡಲು ಬಿಡಿ. ಎರಡು ಚೌಕಗಳು ಸೇರುವಲ್ಲಿ ಹಳಿ ಸಾಧ್ಯವಾದಷ್ಟು ನೇರವಾಗಿ ಹಾಯಲಿ. ಅಲ್ಲಿ ಎರಡೂ ಅಂಚಿಗೆ ಹಿತ್ತಾಳೆಯ ತಿರುಪುಮೊಳೆಗಳನ್ನು ಕೂರಿಸಿ, ಹಳಿಯನ್ನು ಅವುಗಳ ತಲೆಗೆ ಬೆಸೆದು, ಆಮೇಲೆ ತೆಳು ಗರಗಸದಿಂದ ಕತ್ತರಿಸಿದರೆ ಹಲಗೆ ಬಿಚ್ಚಿ ಜೋಡಿಸಿದರೂ ಹಳಿ ಮತ್ತೆ ಸರಿಯಾಗಿ ಕೂಡುತ್ತದೆ.

ತಂತಿಜೋಡಣೆ

ಎಂಜಿನ್ನಿಗೆ ಬೇಕಾದ ವಿದ್ಯುತ್ತು ಎರಡು ಹಳಿಗಳ ಮೂಲಕ ಬರುತ್ತದೆ. ಗಾಲಿ ಅದನ್ನು ಎತ್ತಿ ಮೋಟಾರಿಗೆ ಕೊಡುತ್ತದೆ. ಸೆಟ್ಟಿನೊಂದಿಗೆ ಬರುವ ಎರಡೇ ತಂತಿಯನ್ನು ಒಂದು ಕಡೆ ಸಿಕ್ಕಿಸಿ ಬಿಟ್ಟರೆ, ದೂರದ ಮೂಲೆಗೆ ವಿದ್ಯುತ್ತು ಹತ್ತಾರು ಜೋಡಣೆ ಪಟ್ಟಿಗಳನ್ನು ಹಾದು ಹೋಗಬೇಕಾಗುತ್ತದೆ. ಉಪ್ಪುಗಾಳಿಯಲ್ಲಿ ಆ ಪ್ರತಿಯೊಂದು ಪಟ್ಟಿಯೂ ಒಳಗೊಳಗೇ ಮಂಕಾಗುತ್ತದೆ, ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರಿಹೋಗುತ್ತದೆ. ನನ್ನ ಮೊದಲ ಮಾರ್ಗದಲ್ಲಿ ಎಂಜಿನ್ ನಿಂತ ಮೂಲೆ ಇಂಥದ್ದೇ ಆಗಿತ್ತು. ಜೋಡಣೆ ಪಟ್ಟಿಯ ಕೆಲಸ ಹಳಿಗಳನ್ನು ಸಾಲಾಗಿ ಹಿಡಿಯುವುದು ಮಾತ್ರ. ವಿದ್ಯುತ್ತು ಸಾಗಿಸುವ ಹೊಣೆಯನ್ನು ಅದಕ್ಕೆ ಹೊರಿಸಬಾರದು.

ಆದ್ದರಿಂದ ಹಲಗೆಯ ಕೆಳಗೆ, ಹಳಿಯ ದಾರಿಯಲ್ಲೇ, ಎರಡು ಮುಖ್ಯ ತಂತಿಗಳನ್ನು ಎಳೆಯಿರಿ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ.ನ ಮೃದು ತಾಮ್ರದ ತಂತಿ, ಒಂದು ಕೆಂಪು, ಒಂದು ಕಪ್ಪು, ಈ ಗಾತ್ರದ ಮಾರ್ಗಕ್ಕೆ ಧಾರಾಳವಾಯಿತು: ಐದು ಮೀಟರ್ ದೂರಕ್ಕೆ ಹೋಗಿಬರುವ ದಾರಿಯಲ್ಲಿ ಎರಡು ಆಂಪಿಯರ್ ಹರಿದರೂ ನಷ್ಟ ಕಾಲು ವೋಲ್ಟಿನಷ್ಟೇ. ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕಿದರೆ ಇನ್ನೂ ಉತ್ತಮ, ಅದಕ್ಕೆ ಹಸಿರು ಕಿಲುಬು ಬೇಗ ಹಿಡಿಯುವುದಿಲ್ಲ. ಮುಖ್ಯ ತಂತಿಯಿಂದ ಹಳಿಯ ಪ್ರತಿ ತುಂಡಿಗೆ 0.5 ಚದರ ಮಿ.ಮೀ.ನ ಕವಲು ತಂತಿ, 30 ಸೆಂ.ಮೀ.ಗೆ ಮೀರದ ಉದ್ದದ್ದು, ಹೋಗಬೇಕು. ಎರಡು ಚೌಕಗಳ ನಡುವೆ ಮುಖ್ಯ ತಂತಿಗೆ ಬಿಚ್ಚಬಹುದಾದ ಗಟ್ಟಿ ಪ್ಲಗ್ ಇರಲಿ.

ಹೊರಹಳಿಗೆ ಕೆಂಪು, ಒಳಹಳಿಗೆ ಕಪ್ಪು ಎಂದು ನಿಯಮ ಇಟ್ಟುಕೊಂಡರೂ, ಹಲಗೆಯ ಅಡಿಯಲ್ಲಿ ಅಂಗಾತ ಮಲಗಿ ನೋಡುವಾಗ ಎಡಬಲ ತಿರುಗಿ ಗೊಂದಲವಾಗುತ್ತದೆ. ಒಂದು ಹಳೆಯ ಬೋಗಿಯ ಹೊರಬದಿಗೆ ಕೆಂಪು ಟೇಪು ಅಂಟಿಸಿ, ಅದನ್ನು ಹಳಿಯ ಮೇಲೆ ತಳ್ಳುತ್ತ, ಟೇಪು ಇರುವ ಕಡೆಯ ಹಳಿಗೆ ಕೆಂಪು ತಂತಿ ಎಂದು ಗುರುತು ಹಾಕುತ್ತ ಹೋಗಿ. ಹೀಗೆ ಮಾಡುವಾಗ ಆ ಬೋಗಿ ತಾನೇ ದಿಕ್ಕು ತಿರುಗಿಸಿಕೊಂಡು ಹಿಂದಿನ ಹಳಿಗೆ ಬಂದುಬಿಟ್ಟರೆ, ನಿಮ್ಮ ನಕ್ಷೆಯಲ್ಲಿ ಹಿಮ್ಮುಖ ಕುಣಿಕೆ ಇದೆ ಎಂದು ಅರ್ಥ. ಅಲ್ಲಿ ಕೆಂಪು ಹಳಿ ಕಪ್ಪು ಹಳಿಯನ್ನು ಕೂಡಿ ಶಾರ್ಟ್ ಆಗುತ್ತದೆ. ಅದನ್ನು ನಿಭಾಯಿಸಲು ಎರಡು ತುದಿಯಲ್ಲೂ ಹಳಿ ಕತ್ತರಿಸಿ ಬೇರೆ ಉಪಕರಣ ಹಾಕಬೇಕು. ಮೊದಲ ಮಾರ್ಗದಲ್ಲಿ ಅಂಥ ಕುಣಿಕೆಯನ್ನು ನಕ್ಷೆಯಿಂದಲೇ ತೆಗೆದುಬಿಡಿ.

ಬೆಸುಗೆಯ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಕೆಡಿಸುವುದು ಇಲ್ಲೇ. ಹಳಿಯಡಿಯ ಅಡ್ಡಪಟ್ಟಿಗಳಾದ ಸ್ಲೀಪರ್‌ಗಳು ಪ್ಲಾಸ್ಟಿಕ್ಕಿನವಾದ್ದರಿಂದ ಸಣ್ಣ ಬಿಸಿಯ ಬೆಸುಗೆ ಐರನ್ ಸಾಕೆಂದು ತೋರುತ್ತದೆ, ಆದರೆ ನಿಜ ಅದಕ್ಕೆ ವಿರುದ್ಧ: ಬಡವಾದ ಐರನ್ ಹಳಿಯನ್ನು ಕಾಯಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಶಾಖ ಹರಡಿ ಸ್ಲೀಪರ್ ಕರಗುತ್ತದೆ. 40ರಿಂದ 60 ವಾಟಿನ ಐರನ್, ಎರಡು ಮೂರು ಸೆಕೆಂಡಿನ ಸ್ಪರ್ಶ, ಇದು ಸರಿಯಾದ ಕ್ರಮ. ಹಳಿಯ ಹೊರಮೈಯನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಮೊದಲು ಹಳಿಗೆ ಒಂದು ತೊಟ್ಟು ಸೋಲ್ಡರ್ ಹಿಡಿಸಿ, ತಂತಿಯ ತುದಿಗೂ ಬೇರೆಯಾಗಿ ಹಿಡಿಸಿ, ಆಮೇಲೆ ಎರಡನ್ನೂ ಒತ್ತಿ ಒಮ್ಮೆ ಐರನ್ ತಾಗಿಸಿದರೆ ಅವು ಒಂದಾಗುತ್ತವೆ. ಎರಡೂ ಬದಿಯ ಸ್ಲೀಪರ್ ಮೇಲೆ ಒದ್ದೆ ಹತ್ತಿ ಇಟ್ಟುಕೊಳ್ಳಿ. 60/40ರ (ತವರ 60, ಸೀಸ 40 ಪಾಲು) ರೋಸಿನ್ ತುಂಬಿದ ಸೋಲ್ಡರ್ ತಂತಿಯನ್ನೇ ಬಳಸಿ. ತಗಡಿನ ಕೆಲಸದವರು ಬಳಸುವ ಆಸಿಡ್ ಹಾಕಿದರೆ ಅದರ ಶೇಷವೂ ಇಲ್ಲಿನ ತೇವವೂ ಸೇರಿ ಒಂದೆರಡು ವರ್ಷದಲ್ಲಿ ತಂತಿಯನ್ನೇ ತಿಂದುಹಾಕುತ್ತವೆ. ಸೋಲ್ಡರಿನಲ್ಲಿ ಸೀಸವಿರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ಹಲಗೆಯ ಕೆಳಗೆ ಕವಲು ತಂತಿಯನ್ನು ಮುಖ್ಯ ತಂತಿಗೆ ಬರಿದೆ ಸುತ್ತಿ ಟೇಪು ಹಾಕುವುದನ್ನು ದಯವಿಟ್ಟು ಮಾಡಬೇಡಿ. ಸೆಕೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗಿನ ತಾಮ್ರ ಹಸಿರಾಗುತ್ತದೆ. ಬೆಸೆದು, ಬಿಸಿಗೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಸ್ಲೀವ್ ಹಾಕಿ, ಇಲ್ಲವೇ ತಿರುಪಿನ ಟರ್ಮಿನಲ್ ಪಟ್ಟಿಗೆ ಜೋಡಿಸಿ, ಪ್ರತಿಯೊಂದಕ್ಕೂ ಅಂಕೆ ಬರೆಯಿರಿ. ಅದೇ ಅಂಕೆ ನಕ್ಷೆಯ ಮೇಲೂ ಇರಲಿ.

ಪಾಯಿಂಟ್‌ಗಳಲ್ಲಿ ಎರಡು ಬಗೆ. ಹಳಿಗಳು ಪರಸ್ಪರ ದಾಟುವ ಮೂಗಿನ ಭಾಗ, ಅಂದರೆ ಫ್ರಾಗ್, ಪ್ಲಾಸ್ಟಿಕ್ಕಿನದಾದರೆ ತಂತಿಯ ಗೋಜಿಲ್ಲ. ಆದರೆ ನಾಲ್ಕು ಗಾಲಿಯ ಪುಟ್ಟ ಎಂಜಿನ್ ಅದರ ಮೇಲೆ ನಿಧಾನವಾಗಿ ಹೋಗುವಾಗ ನಿಂತುಬಿಡುತ್ತದೆ. ಲೋಹದ ಫ್ರಾಗ್ ಇದ್ದರೆ ಓಟ ನಿರಾತಂಕ, ಆದರೆ ಪಾಯಿಂಟ್ ತಿರುಗಿದಂತೆ ಫ್ರಾಗ್‌ನ ಸಂಪರ್ಕವನ್ನೂ ಬದಲಿಸುವ ಸ್ವಿಚ್ ಬೇಕು, ಅದರಾಚೆಯ ಒಳಹಳಿಗಳೆರಡಕ್ಕೂ ಪ್ಲಾಸ್ಟಿಕ್ ಜೋಡಣೆ ಪಟ್ಟಿ ಹಾಕಲೇಬೇಕು. ಪಾಯಿಂಟ್ ಮೋಟಾರುಗಳಿಗೆ ಹಳಿಯ ವಿದ್ಯುತ್ತನ್ನು ಹಂಚದೆ ಬೇರೆ ಸರಬರಾಜು ಕೊಡಿ. ಸುರುಳಿ ಬಗೆಯ ಮೋಟಾರಿಗೆ ಕ್ಷಣಮಾತ್ರದ ಬಲವಾದ ತಳ್ಳು ಬೇಕು, ಗುಂಡಿ ಒತ್ತಿಹಿಡಿದರೆ ಸುರುಳಿ ಸುಟ್ಟುಹೋಗುತ್ತದೆ. ಕೆಪಾಸಿಟರ್ ತುಂಬಿಕೊಂಡು ಒಮ್ಮೆಲೇ ಬಿಡುವ ಸಿಡಿಯು ಎಂಬ ಚಿಕ್ಕ ವಿದ್ಯುತ್ ಮಂಡಲವನ್ನು ನಡುವೆ ಹಾಕಿದರೆ ಆ ಅಪಾಯ ತಪ್ಪುತ್ತದೆ.

ಒಂದೇ ಎಂಜಿನ್ ಓಡಿಸುವವರಿಗೆ 12 ವೋಲ್ಟಿನ ಸಾಮಾನ್ಯ ಡಿಸಿ ಕಂಟ್ರೋಲರ್ ಸಾಕು. ಎರಡು ಮೂರು ಎಂಜಿನ್‌ಗಳನ್ನು ಒಂದೇ ಹಳಿಯಲ್ಲಿ ಬೇರೆ ಬೇರೆಯಾಗಿ ನಡೆಸಬೇಕೆಂದರೆ ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ಪದ್ಧತಿ ಬೇಕಾಗುತ್ತದೆ. ಅದರಲ್ಲಿ ಹಳಿಗೆ ಸದಾ ಸುಮಾರು 15 ವೋಲ್ಟ್ ಇರುತ್ತದೆ, ಪ್ರತಿ ಎಂಜಿನ್ನಿನೊಳಗೆ ಆಜ್ಞೆ ಓದುವ ಡಿಕೋಡರಿಗೆ ಒಂದು ಸಂಖ್ಯೆ. ಹೊಸ ಡಿಕೋಡರಿನ ಸಂಖ್ಯೆ ಸಾಮಾನ್ಯವಾಗಿ 3. ಮೇಲೆ ಹೇಳಿದ ತಂತಿಜೋಡಣೆ ಎರಡು ಪದ್ಧತಿಗೂ ಹೊಂದುತ್ತದೆ. ಡಿಸಿಸಿ ಜೋಡಿಸಿದ ಮೇಲೆ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ಮಾರ್ಗದ ಯಾವ ಜಾಗದಲ್ಲಿ ಇಟ್ಟರೂ ಕಂಟ್ರೋಲರ್ ತಕ್ಷಣ ಕಡಿತಗೊಳ್ಳಬೇಕು. ಎಲ್ಲಾದರೂ ಕಡಿತಗೊಳ್ಳದಿದ್ದರೆ ಅಲ್ಲಿನ ಸಂಪರ್ಕ ದುರ್ಬಲ, ಹಳಿ ತಪ್ಪಿದ ದಿನ ಅಲ್ಲೇ ಬಿಸಿಯೇರಿ ಬೋಗಿಯ ಗಾಲಿ ಕರಗುತ್ತದೆ.

ಹಲಗೆಯ ಕೆಳಗೆ 230 ವೋಲ್ಟಿನ ತಂತಿ ಯಾವ ಕಾರಣಕ್ಕೂ ಬರಬಾರದು. ಅಡಾಪ್ಟರುಗಳೆಲ್ಲ ಗೋಡೆಯ ಬೋರ್ಡಿನಲ್ಲೇ ಇರಲಿ, ಆ ಬೋರ್ಡಿಗೆ ವಿದ್ಯುತ್ತು ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ರಕ್ಷಣೆ ಇರಲಿ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸುವುದಷ್ಟೇ ಸಾಲದು.

ನೆಲ ಮತ್ತು ಮಳೆಗಾಲ

ದೃಶ್ಯರಚನೆಯನ್ನು ಕೆಲವೇ ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ಮುರಕಲ್ಲಿನ ಪುಡಿಯಷ್ಟು ಸಹಜವಾದ ನೆಲದ ಬಣ್ಣ ಯಾವ ಡಬ್ಬಿಯಲ್ಲೂ ಸಿಗದು. ಆದರೆ ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ಜರಡಿ ಹಿಡಿದ ಪುಡಿಯಲ್ಲಿ ಆಯಸ್ಕಾಂತವನ್ನು ಹಲವು ಬಾರಿ ಆಡಿಸಿ ಅಂಟುವ ಕಣಗಳನ್ನು ತೆಗೆಯದಿದ್ದರೆ, ಅವು ಎಂಜಿನ್ ಮೋಟಾರಿನ ಆಯಸ್ಕಾಂತಕ್ಕೆ ಹಿಡಿದು ಗೇರನ್ನು ಸವೆಸುತ್ತವೆ. ಕಡಲತೀರದ ಮರಳನ್ನು ಜಲ್ಲಿಯ ಬದಲು ಹಾಕುವ ಆಲೋಚನೆ ಬಂದರೆ ಬಿಟ್ಟುಬಿಡಿ. ಅದರಲ್ಲಿ ಉಪ್ಪೂ ಇದೆ, ಕಪ್ಪು ಲೋಹಮರಳೂ ಇದೆ. ಜಲ್ಲಿಗೆ ನೀರು ಬೆರೆಸಿದ ಫೆವಿಕಾಲ್ ಬಿಡುವ ಕೆಲಸವನ್ನು ಫೆಬ್ರವರಿ-ಮಾರ್ಚ್‌ನಲ್ಲೇ ಮಾಡಿ. ಮಳೆಯಲ್ಲಿ ಮಾಡಿದರೆ ಅದು ಒಣಗುವ ಮೊದಲೇ ಬೂಸು ಹಿಡಿಯುತ್ತದೆ.

ಮಳೆಗಾಲದಲ್ಲಿ ಮಾರ್ಗವನ್ನು ಹತ್ತಿಬಟ್ಟೆಯಿಂದ ಮುಚ್ಚಿ. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ತೆರೆದಿಟ್ಟರೆ ಹಲ್ಲಿಗಳ ಕಾಟ. ಎಂಜಿನ್‌ಗಳು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಜೆಲ್ಲಿನ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿಮಾಡಿ ಒಣಗಿಸಿ. ವಾರಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಹಳಿಯ ಮೇಲ್ಮೈ ಒರೆಸಿ, ಆಲ್ಕೊಹಾಲ್ ಪೂರ್ತಿ ಆರಿದ ಮೇಲೆ ಹತ್ತು ನಿಮಿಷವಾದರೂ ರೈಲು ಓಡಿಸಿ. ಉಪ್ಪುಕಾಗದ ಹಳಿಯ ತಲೆಗೆ ಬೇಡ. ಅದು ಬಿಡುವ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ.

ಇಷ್ಟಾದರೂ ಯಾವುದೋ ಒಂದು ಜಾಗದಲ್ಲಿ ಎಂಜಿನ್ ಮುಗ್ಗರಿಸಿದರೆ, ಮಲ್ಟಿಮೀಟರ್ ಹಿಡಿಯುವ ಕ್ರಮ ತಿಳಿದಿರಬೇಕು. ಹಳಿ ಖಾಲಿಯಿರುವಾಗ ಅಳೆದರೆ ಕೆಟ್ಟ ಜೋಡಣೆಯ ಆಚೆಯೂ ಮೀಟರ್ 12 ವೋಲ್ಟನ್ನೇ ತೋರಿಸುತ್ತದೆ, ಏಕೆಂದರೆ ವಿದ್ಯುತ್ತು ಹರಿಯದಿರುವಾಗ ನಷ್ಟವೂ ಆಗುವುದಿಲ್ಲ. ಎಂಜಿನ್ ಅದೇ ತುಂಡಿನ ಮೇಲೆ ಓಡುತ್ತಿರುವಾಗ, ಅಥವಾ ಅಲ್ಲಿ 12 ವೋಲ್ಟಿನ ಒಂದು ಸಣ್ಣ ಕಾರ್ ಬಲ್ಬನ್ನು ಉರಿಸಿ, ಮೊದಲು ಕಂಟ್ರೋಲರಿನ ಬಳಿ, ಆಮೇಲೆ ಮುಖ್ಯ ತಂತಿಯಲ್ಲಿ, ಆಮೇಲೆ ಕವಲಿನ ಟರ್ಮಿನಲಿನಲ್ಲಿ, ಕೊನೆಗೆ ಹಳಿಯ ಮೇಲೆ ಅಳೆಯುತ್ತ ಬನ್ನಿ. ಯಾವ ಎರಡು ಜಾಗಗಳ ನಡುವೆ ಅಂಕೆ ಥಟ್ಟನೆ ಇಳಿಯುತ್ತದೋ, ಬಿಚ್ಚಿ ಮತ್ತೆ ಬೆಸೆಯಬೇಕಾದ ಜೋಡಣೆ ಅದೇ.